ಅಂತರ್ಜಾಲದಲ್ಲಿ ಜನ ಸೇರಿ ಬಿಡಿಸುವ ರಹಸ್ಯಗಳು: ಮಡಿಕೇರಿಯಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ಮಳೆಗಾಲಗಳ ಹಿಂದೆ ಅಜ್ಜಿಯ ಟ್ರಂಕಿನ ತಳದಲ್ಲಿ ಒಂದು ಫೋಟೋ ಸಿಕ್ಕಿತು. ಕರಿ ಕೋಟಿನ ಒಬ್ಬ ಗಂಡಸು, ಪಕ್ಕದಲ್ಲಿ ಐದಾರು ವರ್ಷದ ಹುಡುಗಿ, ಹಿಂದೆ ಅರ್ಧ ಕತ್ತರಿಸಿಹೋದ ಗುಮ್ಮಟ. ಯಾರು, ಎಲ್ಲಿ ಎಂದು ಹೇಳುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅದನ್ನು ಅಂತರ್ಜಾಲಕ್ಕೆ ಹಾಕಿದ ದಿನದಿಂದ ಈ ಲೋಕದ ಪರಿಚಯವಾಯಿತು. ಈಗ ಶಾಲೆಯ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಮ್ಮೆ ನೆಮ್ಮದಿಯಾಗಿ ಕೂತು ಉತ್ತರ ಬರೆದಿಡೋಣ ಅನಿಸಿತು.

ಇದು ಎಂಥ ಕೆಲಸ ಟೀಚರ್? ಪತ್ತೇದಾರಿಯೇ?

ಪತ್ತೇದಾರಿಗಿಂತ ಹಳೆಯ ಕಡತ ಹುಡುಕುವ ಗುಮಾಸ್ತಿಕೆಗೆ ಹತ್ತಿರ. ಯಾರದೆಂದು ತಿಳಿಯದ ಒಂದು ಹಾಡು, ಓದಲು ಬಾರದ ಒಂದು ಗೂಢಲಿಪಿ, ಹೆಸರಿಲ್ಲದ ಒಂದು ಶವ, ಎಲ್ಲಿ ತೆಗೆದದ್ದೆಂದು ಗೊತ್ತಿಲ್ಲದ ಒಂದು ಚಿತ್ರ. ಒಬ್ಬರನ್ನೊಬ್ಬರು ಎಂದೂ ಕಾಣದ ಜನ ಇಂಥದ್ದನ್ನು ಹಂಚಿಕೊಂಡು ತಮಗೆ ತಿಳಿದದ್ದನ್ನು ಸೇರಿಸುತ್ತಾ ಹೋಗುತ್ತಾರೆ. ಬಹುಪಾಲು ಹೊತ್ತು ಕಳೆಯುವುದು "ಇದಲ್ಲ, ಇದೂ ಅಲ್ಲ" ಎಂದು ಒಂದೊಂದನ್ನೇ ಬದಿಗಿಡುವುದರಲ್ಲಿ.

ಹೀಗೆ ನಿಜಕ್ಕೂ ಏನಾದರೂ ಬಗೆಹರಿದಿದೆಯೇ, ಅಥವಾ ಬರೀ ಹರಟೆಯೇ?

ಬಗೆಹರಿದಿದೆ. ನನಗೆ ಬಹಳ ಇಷ್ಟವಾದ ಮೂರನ್ನು ಹೇಳುತ್ತೇನೆ.

ಮೊದಲನೆಯದು ಒಂದು ಹಾಡಿನದು. 1980ರ ದಶಕದ ನಡುವೆ ಉತ್ತರ ಜರ್ಮನಿಯಲ್ಲಿ ಒಬ್ಬ ಹುಡುಗ ರೇಡಿಯೋದಿಂದ ಕ್ಯಾಸೆಟ್ಟಿಗೆ ಹಾಡುಗಳನ್ನು ತುಂಬಿಕೊಳ್ಳುತ್ತಿದ್ದ. ಅದರಲ್ಲಿ ಒಂದು ಹಾಡು ಯಾರದೆಂದು ಅವನಿಗೆ ತಿಳಿಯಲೇ ಇಲ್ಲ. 2007ರಲ್ಲಿ ಅವನ ಸೋದರಿ ಅದನ್ನು ಅಂತರ್ಜಾಲಕ್ಕೆ ಹಾಕಿದಳು. 2019ರ ಹೊತ್ತಿಗೆ ಸಾವಿರಾರು ಜನ ಬೆನ್ನು ಹತ್ತಿದ್ದರು. ರೇಡಿಯೋ ಕೇಂದ್ರದ ಪಟ್ಟಿಗಳನ್ನು ಜಾಲಾಡಿದರು, ಹಾಡಿನಲ್ಲಿರುವ ಸಿಂಥಸೈಜರ್ ಯಾವ ಮಾದರಿಯದು, ಯಾವ ವರ್ಷ ಮಾರುಕಟ್ಟೆಗೆ ಬಂದದ್ದು ಎಂದು ತಾಳೆ ನೋಡಿದರು. ಕೊನೆಗೆ ಒಬ್ಬರು ಆ ಕಾಲದ ಒಂದು ರೇಡಿಯೋ ಸ್ಪರ್ಧೆಯಲ್ಲಿ ಹಾಡಿದ ತಂಡಗಳನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕಿ, ಕೀಲ್ ನಗರದ ಫೆಕ್ಸ್ ಎಂಬ ತಂಡದ ಹಳೆಯ ಸದಸ್ಯರನ್ನೇ ಸಂಪರ್ಕಿಸಿದರು. ಅವರ ಬಳಿ ಆ ಹಾಡಿನ ಧ್ವನಿಮುದ್ರಣ ಇತ್ತು. 2024ರ ನವೆಂಬರಿನಲ್ಲಿ ಉತ್ತರ ಹೊರಬಿತ್ತು. ತಮ್ಮ ಹಾಡನ್ನು ಲೋಕವೇ ಹುಡುಕುತ್ತಿದೆ ಎಂಬುದು ಹಾಡಿದವರಿಗೇ ತಿಳಿದಿರಲಿಲ್ಲ ಎಂಬುದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಎರಡನೆಯದು ಅಮೆರಿಕದ ಝೋಡಿಯಾಕ್ ಎಂಬ ಕೊಲೆಗಾರನ ಗೂಢಲಿಪಿ. 1969ರಲ್ಲಿ ಅವನು ಪತ್ರಿಕೆಗಳಿಗೆ ಕಳಿಸಿದ 408 ಅಕ್ಷರಗಳ ಮೊದಲ ಲಿಪಿಯನ್ನು ಕ್ಯಾಲಿಫೋರ್ನಿಯಾದ ಒಬ್ಬ ಶಾಲಾ ಮೇಷ್ಟ್ರು ಮತ್ತು ಅವರ ಹೆಂಡತಿ ಕೆಲವೇ ದಿನಗಳಲ್ಲಿ ಬಿಡಿಸಿದ್ದರು. ಅದೇ ವರ್ಷ ಬಂದ 340 ಅಕ್ಷರಗಳ ಎರಡನೆಯದು ಮಾತ್ರ 51 ವರ್ಷ ಯಾರಿಗೂ ಬಗ್ಗಲಿಲ್ಲ. 2020ರ ಡಿಸೆಂಬರಿನಲ್ಲಿ ಅದನ್ನು ಬಿಡಿಸಿದವರು ಮೂವರು: ಅಮೆರಿಕದ ಡೇವಿಡ್ ಒರಾಂಚಕ್, ಆಸ್ಟ್ರೇಲಿಯಾದ ಗಣಿತಜ್ಞ ಸ್ಯಾಮ್ ಬ್ಲೇಕ್, ಬೆಲ್ಜಿಯಂನ ಯಾರ್ಲ್ ವಾನ್ ಐಕ. ಕೊಲೆಗಾರ ಅಕ್ಷರಗಳನ್ನು ಬದಲಾಯಿಸಿದ್ದಷ್ಟೇ ಅಲ್ಲ, ಸಾಲಿನಲ್ಲಿ ಓದದಂತೆ ಓರೆಯಾಗಿ ಹರಡಿದ್ದ. ಓದುವ ದಾರಿ ಹೇಗಿರಬಹುದೆಂದು ಬ್ಲೇಕ್ ಲಕ್ಷಗಟ್ಟಲೆ ಬಗೆಗಳನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದರು. ಐಕ ಬರೆದ ತಂತ್ರಾಂಶ ಅವನ್ನು ಒಂದೊಂದಾಗಿ ಪರೀಕ್ಷಿಸಿತು. ಒಂದರಲ್ಲಿ ಅರ್ಥವಾಗುವ ಎರಡು ಮೂರು ತುಣುಕುಗಳು ಒರಾಂಚಕ್ ಕಣ್ಣಿಗೆ ಬಿದ್ದವು. ಅಲ್ಲಿಂದ ಎಳೆ ಹಿಡಿದರು. ಉತ್ತರ ಸರಿ ಎಂದು ಎಫ್‌ಬಿಐ ಒಪ್ಪಿತು. ಕೊಲೆಗಾರನ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ.

ಮೂರನೆಯದು 1948ರ ಡಿಸೆಂಬರ್ 1ರಂದು ಆಸ್ಟ್ರೇಲಿಯಾದ ಅಡಿಲೇಡ್ ಬಳಿ ಸೋಮರ್ಟನ್ ಕಡಲತೀರದಲ್ಲಿ ಸಿಕ್ಕ ಶವ. ಬಟ್ಟೆಯ ಗುರುತಿನ ಪಟ್ಟಿಗಳು ಇರಲಿಲ್ಲ. ಜೇಬಿನಲ್ಲಿ ಉಮರ್ ಖಯ್ಯಾಮನ ಪದ್ಯಗಳ ಪುಸ್ತಕದಿಂದ ಹರಿದ ಚೂರು, ಅದರ ಮೇಲೆ 'ಮುಗಿಯಿತು' ಎಂಬ ಅರ್ಥದ ಪಾರಸಿ ಮಾತು. ಗೂಢಚಾರ ಎಂದರು, ಭಗ್ನಪ್ರೇಮಿ ಎಂದರು. ಪ್ರಾಧ್ಯಾಪಕ ಡೆರೆಕ್ ಅಬಟ್, ವಂಶಾವಳಿ ತಜ್ಞೆ ಕಾಲೀನ್ ಫಿಟ್ಸ್‌ಪ್ಯಾಟ್ರಿಕ್ ಇಬ್ಬರೂ ಸೇರಿ, ಅವನ ಮುಖದ ಪಡಿಯಚ್ಚಿಗೆ ಅಂಟಿಕೊಂಡಿದ್ದ ಕೂದಲಿನ ಡಿಎನ್‌ಎಯಿಂದ ವಂಶವೃಕ್ಷ ಕಟ್ಟಿ, ಅವನು 1905ರಲ್ಲಿ ಮೆಲ್ಬರ್ನಿನಲ್ಲಿ ಹುಟ್ಟಿದ ಕಾರ್ಲ್ ವೆಬ್ ಎಂಬ ಎಲೆಕ್ಟ್ರಿಕಲ್ ಇಂಜಿನಿಯರ್ ಎಂದು 2022ರ ಜುಲೈಯಲ್ಲಿ ಪ್ರಕಟಿಸಿದರು. ಹೇಗೆ ಸತ್ತ, ಅಲ್ಲಿಗೆ ಏಕೆ ಹೋಗಿದ್ದ ಎಂಬುದು ಹಾಗೇ ಉಳಿದಿದೆ.

ಸಾವಿರಾರು ಜನ ಸೇರಿದರೆ ಎಂಥದ್ದೂ ಬೇಗ ಬಗೆಹರಿಯುತ್ತದೆ ಅಲ್ಲವೇ?

ನಾನೂ ಹಾಗೇ ಅಂದುಕೊಂಡಿದ್ದೆ. ಅಜ್ಜಿಯ ಫೋಟೋ ಆ ಎಣಿಕೆಯನ್ನು ತಿದ್ದಿತು.

ಫೋಟೋ ಹಾಕಿದ ಮೊದಲ ವಾರದಲ್ಲೇ ನೂರಕ್ಕೂ ಹೆಚ್ಚು ಜನ ಉತ್ತರ ಬರೆದರು. ಗುಮ್ಮಟ ನೋಡಿ ಬಿಜಾಪುರ ಎಂದರು, ಬೀದರ್ ಎಂದರು, ಒಬ್ಬರು ಹೈದರಾಬಾದಿನ ಗೋರಿಗಳ ಚಿತ್ರವನ್ನು ಪಕ್ಕಕ್ಕಿಟ್ಟು ಗೆರೆ ಎಳೆದು ತೋರಿಸಿದರು. ನಮ್ಮ ಅಜ್ಜ ಕೆಲಸದ ಮೇಲೆ ಊರೂರು ತಿರುಗಿದವರು, ಹಾಗಾಗಿ ಎಲ್ಲವೂ ಸಾಧ್ಯ ಅನಿಸುತ್ತಿತ್ತು. ತಿಂಗಳುಗಟ್ಟಲೆ ಬಿಜಾಪುರದ ನಕ್ಷೆ ಹರಡಿಕೊಂಡು ಕೂತೆ.

ಆಮೇಲೊಂದು ದಿನ ಮನೆಯ ಹಂಚು ಸರಿಮಾಡಲು ಬಂದ ಹಿರಿಯರೊಬ್ಬರು ಮೇಜಿನ ಮೇಲಿದ್ದ ಫೋಟೋ ನೋಡಿದರು. "ಇದು ನಮ್ಮ ಗದ್ದಿಗೆ ಅಲ್ವಾ ಟೀಚರಮ್ಮ?" ಎಂದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಮೂಲೆಯಲ್ಲಿ ನಾನು ಕಲೆ ಎಂದುಕೊಂಡಿದ್ದ ಚುಕ್ಕೆಯ ಮೇಲೆ ಬೆರಳಿಟ್ಟರು. "ಇಲ್ಲಿ ನೋಡಿ, ಮೂಲೆ ಬಸವ. ನಾನೇ ಮೇಲೆ ಹತ್ತಿ ಇದಕ್ಕೆ ಸುಣ್ಣ ಹೊಡ್ದಿದ್ದೀನಿ."

ಮಡಿಕೇರಿಯ ಗದ್ದಿಗೆ ನೋಡಿದವರಿಗೆ ಗೊತ್ತು: ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳು ದೂರಕ್ಕೆ ಮಸೀದಿಯಂತೆ ಕಾಣುತ್ತವೆ. ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರಿನಂಥ ಗೋಪುರಗಳು. ಹತ್ತಿರ ಹೋದರೆ ಮೇಲೆ ಬಸವ ಕೂತಿರುತ್ತಾನೆ, ರಾಜರು ಲಿಂಗಾಯತರಾದ್ದರಿಂದ. ಮಿನಾರಿನ ಹತ್ತಿರ ಬಸವನನ್ನು ಬಿಜಾಪುರದಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು? ಮರುದಿನವೇ ಗದ್ದಿಗೆಗೆ ಹೋಗಿ ಹಿಂಬದಿಯಿಂದ ಅದೇ ಕೋನದಲ್ಲಿ ನಿಂತು ನೋಡಿದೆ. ಕಲ್ಲಿಗೆ ಕಲ್ಲು ಹೊಂದಿತು.

ಅಂದಿನಿಂದ ನನ್ನ ನಂಬಿಕೆ ಇಷ್ಟು: ಗುಂಪು ಅಂದರೆ ದೊಡ್ಡ ಮೆದುಳಲ್ಲ, ದೊಡ್ಡ ಬಲೆ. ಉತ್ತರ ಬಲ್ಲ ಒಬ್ಬರು ಎಲ್ಲೋ ಇರುತ್ತಾರೆ, ತಾವು ಬಲ್ಲೆವು ಎಂಬುದೇ ಅವರಿಗೆ ತಿಳಿದಿರುವುದಿಲ್ಲ. ಆ ಒಬ್ಬರವರೆಗೆ ಪ್ರಶ್ನೆಯನ್ನು ಮುಟ್ಟಿಸುವುದೇ ಕೆಲಸ. ಜರ್ಮನಿಯ ಹಾಡಿನಲ್ಲೂ ನಡೆದದ್ದು ಅದೇ. ನೂರು ಜನರ ಊಹೆಗಿಂತ ಸುಣ್ಣ ಹೊಡೆದವರ ನೆನಪು ಗಟ್ಟಿ.

ಕೊಡಗಿನಲ್ಲೇ ಇಂಥ ಬಿಡಿಸದ ರಹಸ್ಯ ಇದೆಯೇ?

ನನ್ನನ್ನು ಎಂದೂ ಬಿಡದೆ ಕಾಡುವುದು ಗೌರಮ್ಮನ ಕಥೆ. 1834ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿದ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಕಾಶಿಯಲ್ಲಿ ವರ್ಷಗಳನ್ನು ಕಳೆದು, 1852ರಲ್ಲಿ ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದ ಹಣಕ್ಕಾಗಿ ದಾವೆ ಹೂಡಲು ಇಂಗ್ಲೆಂಡಿಗೆ ಹೋದ. ಜತೆಗೆ ಹನ್ನೊಂದರ ಮಗಳು ಗೌರಮ್ಮ. ಆ ವರ್ಷವೇ ವಿಕ್ಟೋರಿಯಾ ರಾಣಿ ಮುಂದೆ ನಿಂತು ಅವಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿ ತನ್ನ ಹೆಸರನ್ನೇ ಇಟ್ಟಳು. ಗೌರಮ್ಮ ತನಗಿಂತ ಎಷ್ಟೋ ಹಿರಿಯನಾದ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು, ಒಬ್ಬ ಮಗಳನ್ನು ಹೆತ್ತಳು, 1864ರಲ್ಲಿ ತೀರಿಕೊಂಡಳು. ಇನ್ನೂ ಇಪ್ಪತ್ತಮೂರು ದಾಟಿರಲಿಲ್ಲ. ಕೆಲ ವರ್ಷಗಳ ಮೇಲೆ ಅವಳ ಗಂಡ ಆಭರಣಗಳೊಡನೆ ಮನೆ ಬಿಟ್ಟವನು ಮರಳಲೇ ಇಲ್ಲ ಎಂದು ಹೇಳುತ್ತಾರೆ.

ಮಕ್ಕಳು ಕೇಳುವುದು ಆಭರಣ ಏನಾಯಿತು ಎಂದು. ನನಗೆ ಅದಕ್ಕಿಂತ ತಾಯಿಯಿಲ್ಲದ ಆ ಮಗುವಿನ ದಾರಿ ಮುಖ್ಯ. ಇಂಥ ದಾರಿ ಹಿಡಿಯಲು ಇಂದು ಸಾಧನಗಳಿವೆ. ಬ್ರಿಟನ್ನಿನಲ್ಲಿ 1861, 1871, 1881 ಎಂದು ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯಲ್ಲಿ ಮನೆಮನೆಯ ಹೆಸರುಗಳಿವೆ. ಹಡಗಿನ ಪ್ರಯಾಣಿಕರ ಪಟ್ಟಿ, ಉಯಿಲುಗಳು, ಆ ಕಾಲದ ಪತ್ರಿಕೆಗಳ ಜಾಹೀರಾತುಗಳು ಮನೆಯಲ್ಲೇ ಕೂತು ಓದುವಂತಾಗಿವೆ. ವಂಶಾವಳಿ ಹುಡುಕುವ ಗುಂಪುಗಳವರು ಇದರಲ್ಲಿ ಪಳಗಿದವರು. ಆದರೆ ಕೊಡಗಿನ ಕಡೆಯ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ಹೇಗೆಲ್ಲ ತಿರುಚಿ ಬರೆದಿರಬಹುದೆಂದು ಅವರಿಗೆ ಹೊಳೆಯುವುದಿಲ್ಲ. ಅದು ನಮಗೆ ಹೊಳೆಯಬೇಕು. ಮಡಿಕೇರಿ 'ಮರ್ಕೆರಾ' ಆದದ್ದನ್ನು ನಾವು ನೋಡಿಲ್ಲವೇ?

ಪಾಂಡವರ ಕಲ್ಲುಮನೆಗಳು? ನಿಧಿ?

ಸೋಮವಾರಪೇಟೆ ಕಡೆ ಕಾಣುವ, ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಮುಚ್ಚಿದ ಗೂಡುಗಳನ್ನು ನಮ್ಮವರು ಪಾಂಡವರ ಮನೆ ಎನ್ನುತ್ತಾರೆ. ಅವು ಬೃಹತ್ ಶಿಲಾಯುಗದ ಸಮಾಧಿಗಳು. ಚಿತ್ರ ಹಂಚಿಕೊಳ್ಳಿ, ಅಳತೆ ಬರೆಯಿರಿ, ಆದರೆ ಜಾಗದ ನಿಖರ ಗುರುತನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ನಿಧಿಯಾಸೆಗೆ ಅಗೆಯುವವರು ಅದನ್ನೂ ಓದುತ್ತಾರೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂದು ಕಾನೂನಿದೆ. ಕಾಡಿನ ಆರ್ಕಿಡ್ ಹೂವಿಗೂ, ಹಕ್ಕಿಯ ಗೂಡಿಗೂ ಇದೇ ಎಚ್ಚರ ಇರಲಿ.

ಭೂಮಿಯೊಳಗಿಂದ ಬಂದ ಸದ್ದು ಏನದು?

2022ರ ಜೂನ್ ಕೊನೆಯಲ್ಲಿ ಚೆಂಬು, ಪೆರಾಜೆ, ಸಂಪಾಜೆ, ಆಚೆ ಸುಳ್ಯದವರೆಗೂ ನೆಲದಡಿಯಿಂದ ಗುಡುಗಿನಂಥ ಸದ್ದು ಕೇಳಿತು. 28ರ ಬೆಳಿಗ್ಗೆ ಏಳೂ ಮುಕ್ಕಾಲಿನ ಹೊತ್ತಿಗೆ ಪಾತ್ರೆಗಳು ಉರುಳಿದವು, ಗೋಡೆಗಳು ಬಿರುಕು ಬಿಟ್ಟವು. 2018ರ ಆಗಸ್ಟಿನ ಗುಡ್ಡ ಕುಸಿತವನ್ನು ಕಂಡ ಜನ ನಾವು. ಸದ್ದೆಂದರೆ ಎದೆ ನಡುಗುತ್ತದೆ. ಫೋನುಗಳಲ್ಲಿ ಗಂಟೆಗೊಂದು ವದಂತಿ ಹರಿಯಿತು.

ಅದು ಆಳವಿಲ್ಲದ ಸಣ್ಣ ಭೂಕಂಪ. ಕಂಪನ ನೆಲಕ್ಕೆ ಹತ್ತಿರದಲ್ಲಿ ಹುಟ್ಟಿದರೆ ಅದರ ಅಲೆಗಳಲ್ಲಿ ಒಂದು ಪಾಲು ಗಾಳಿಗೆ ದಾಟಿ ಕಿವಿಗೆ ಸದ್ದಾಗಿ ಕೇಳುತ್ತದೆ. ಹಾಗಾಗಿಯೇ ದೊಡ್ಡ ಸದ್ದು ಎಂದರೆ ದೊಡ್ಡ ಕಂಪ ಎಂದು ಅರ್ಥವಲ್ಲ.

ಹೋಲಿಸಲು ಇನ್ನೊಂದು: 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಕೇಳಿದ ಭಾರೀ ಸದ್ದು. ಭೂಕಂಪ ಎಂದರು, ಆಕಾಶದಿಂದ ಏನೋ ಬಿತ್ತು ಎಂದರು. ಅದು ವಾಯುಪಡೆಯ ಪರೀಕ್ಷಾ ವಿಮಾನ ಶಬ್ದಾತೀತ ವೇಗದಲ್ಲಿ ಹಾರಿದ್ದರಿಂದ ಆದದ್ದೆಂದು ರಕ್ಷಣಾ ಇಲಾಖೆ ತಿಳಿಸಿತು. ಭೂಕಂಪ ಅಲ್ಲವೆಂದು ಅದಕ್ಕೂ ಮೊದಲೇ ಹೇಳಬಹುದಿತ್ತು, ಭೂಕಂಪಮಾಪಕಗಳಲ್ಲಿ ಏನೂ ದಾಖಲಾಗಿರಲಿಲ್ಲ.

ಮುಂದೆ ಇಂಥದ್ದು ಕೇಳಿದರೆ ಮೊದಲು ಗಡಿಯಾರ ನೋಡಿ. ನಿಮಿಷ, ಸೆಕೆಂಡು, ನೀವಿದ್ದ ಜಾಗ, ಸದ್ದು ಮೊದಲೋ ನಡುಕ ಮೊದಲೋ, ಎಷ್ಟು ಹೊತ್ತು. ಹತ್ತು ಊರಿನ ಹತ್ತು ಜನ ಇಷ್ಟನ್ನು ಬರೆದಿಟ್ಟರೆ, ಸಾವಿರ ಜನ ಕಳಿಸುವ ವದಂತಿಗಿಂತ ಅದು ವಿಜ್ಞಾನಿಗಳಿಗೆ ಉಪಯೋಗಕ್ಕೆ ಬರುತ್ತದೆ.

ರಾತ್ರಿ ಆಕಾಶದಲ್ಲಿ ಸಾಲುದೀಪದಂತೆ ಹೋಗುವುದು?

ಸ್ಟಾರ್‌ಲಿಂಕ್ ಉಪಗ್ರಹಗಳು. 2019ರ ಮೇಯಲ್ಲಿ ಒಟ್ಟಿಗೆ 60 ಹಾರಿಸಿದಾಗಿನಿಂದ ಲೋಕವೆಲ್ಲ ಕಾಣುತ್ತಿದೆ. ಹಾರಿಸಿದ ಮೊದಲ ಕೆಲವು ದಿನ ಹತ್ತಿರ ಹತ್ತಿರ ಇರುತ್ತವೆ, ಆಮೇಲೆ ಚದುರುತ್ತವೆ.

ಗುಂಪಿನ ಊಹೆ ತಪ್ಪಿದರೆ ಏನಾಗುತ್ತದೆ?

ಜೀವ ಹೋಗುತ್ತದೆ. ಇದನ್ನು ಮೆದುವಾಗಿ ಹೇಳಲು ನನಗೆ ಬರುವುದಿಲ್ಲ.

2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿದಾಗ ಅಂತರ್ಜಾಲದವರು ಜನಸಂದಣಿಯ ಚಿತ್ರಗಳನ್ನು ತಡಕಾಡಿ ಭಾರತೀಯ ಮೂಲದ ಒಬ್ಬ ಕಾಲೇಜು ಹುಡುಗನೇ ಅಪರಾಧಿ ಎಂದು ಸಾರಿದರು. ಅವನು ಅದಕ್ಕೂ ತಿಂಗಳ ಹಿಂದೆಯೇ ಮನೆಯವರಿಗೆ ಕಾಣೆಯಾಗಿದ್ದವನು. ಮಗನನ್ನು ಹುಡುಕುತ್ತಾ ಕಂಗಾಲಾಗಿದ್ದ ತಂದೆ ತಾಯಿಗೆ ರಾತ್ರಿಯಿಡೀ ಬೈಗುಳದ ಕರೆಗಳು ಬಂದವು. ಕೆಲವು ದಿನಗಳಲ್ಲಿ ಅವನ ಶವ ನದಿಯಲ್ಲಿ ಸಿಕ್ಕಿತು. ಅವನಿಗೂ ಬಾಂಬಿಗೂ ಯಾವ ಸಂಬಂಧವೂ ಇರಲಿಲ್ಲ. ಚರ್ಚೆ ನಡೆದ ತಾಣ ಬಹಿರಂಗವಾಗಿ ಕ್ಷಮೆ ಕೇಳಿತು.

ದೂರದ ಮಾತು ಅನಿಸಿದರೆ ನಮ್ಮ ಬೀದರ್ ಜಿಲ್ಲೆಯನ್ನೇ ನೆನೆಯಿರಿ. 2018ರ ಜುಲೈಯಲ್ಲಿ ಜತೆಗಾರರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಕ್ಕೆ ಹೈದರಾಬಾದಿನ ಇಂಜಿನಿಯರ್ ಒಬ್ಬನನ್ನು ಮಕ್ಕಳ ಕಳ್ಳನೆಂದು ವಾಟ್ಸ್ಆ್ಯಪಿನಲ್ಲಿ ಹಬ್ಬಿಸಿ, ಜನ ಗುಂಪುಗೂಡಿ ಹೊಡೆದು ಕೊಂದರು. ಅವರೂ ರಹಸ್ಯ ಬಿಡಿಸಿದೆವು ಎಂದೇ ನಂಬಿದ್ದರು.

ಹಾಗಾಗಿ ನನ್ನ ಕಟ್ಟಳೆ ಒಂದೇ, ಮಕ್ಕಳಿಗೂ ಅದನ್ನೇ ಹೇಳುತ್ತೇನೆ: ಬದುಕಿರುವ ಮನುಷ್ಯನ ಹೆಸರನ್ನು ಆರೋಪದೊಡನೆ ಎಲ್ಲಿಯೂ ಬರೆಯಬೇಡಿ. ಅನುಮಾನವಿದ್ದರೆ 112ಕ್ಕೆ ಕರೆ ಮಾಡಿ, ಮಕ್ಕಳ ವಿಷಯವಾದರೆ 1098ಕ್ಕೆ. ಕಾಣೆಯಾದವರ ಫೋಟೋ ಬಂದಾಗಲೂ ಯಾವ ಠಾಣೆ, ಯಾವ ದಿನಾಂಕ ಎಂದು ನೋಡಿ. ಮನೆ ಸೇರಿ ವರ್ಷಗಳಾದ ಮಕ್ಕಳ ಫೋಟೋ ಇನ್ನೂ ತಿರುಗುತ್ತಿರುತ್ತದೆ.

ಸಿಕಾಡ 3301 ಎಂದರೇನು? ಮಗ ರಾತ್ರಿಯೆಲ್ಲ ಅದರಲ್ಲೇ ಇರುತ್ತಾನೆ.

2012ರ ಜನವರಿಯಲ್ಲಿ, "ಬುದ್ಧಿವಂತರನ್ನು ಹುಡುಕುತ್ತಿದ್ದೇವೆ" ಎಂಬ ಅರ್ಥದ ಒಂದು ಚಿತ್ರದೊಂದಿಗೆ ಶುರುವಾದ ಒಗಟಿನ ಸರಣಿ. ಚಿತ್ರದೊಳಗೆ ಅಡಗಿಸಿದ ಸಂದೇಶ, ಅದರಿಂದ ಫೋನ್ ನಂಬರ್, ಅದರಿಂದ ಬೇರೆ ಬೇರೆ ದೇಶಗಳ ಬೀದಿ ಕಂಬಗಳಿಗೆ ಅಂಟಿಸಿದ ಕಾಗದ. 2013, 2014ರಲ್ಲೂ ಹೊಸ ಸುತ್ತುಗಳು ಬಂದವು. ಕೊನೆಯ ಸುತ್ತಿನ, ರೂನ್ ಎಂಬ ಯುರೋಪಿನ ಪ್ರಾಚೀನ ಲಿಪಿಯ ಪುಸ್ತಕದ ಬಹುಪಾಲು ಇನ್ನೂ ಓದಲಾಗಿಲ್ಲ. ಹುಡುಗ ಅದರಿಂದ ಅವಿಭಾಜ್ಯ ಸಂಖ್ಯೆ, ಗೂಢಲಿಪಿ ಕಲಿಯುತ್ತಿದ್ದರೆ ಕಲಿಯಲಿ. ನಿದ್ದೆ ಕೆಡದಂತೆ ನೋಡಿಕೊಳ್ಳಿ. ಹಣ ಕೇಳುವ ನಕಲಿಗಳು ಬಂದರೆ ಅಲ್ಲಿಗೇ ನಿಲ್ಲಿಸಿ.

ಈಗ ಕೃತಕ ಬುದ್ಧಿಮತ್ತೆ ಇದೆಯಲ್ಲ, ಅದಕ್ಕೇ ಕೊಟ್ಟರಾಯಿತು?

ವೊಯ್ನಿಚ್ ಹಸ್ತಪ್ರತಿ ಎಂಬುದಿದೆ. ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ, ಯಾರಿಗೂ ತಿಳಿಯದ ಲಿಪಿಯ, ಲೋಕದಲ್ಲಿಲ್ಲದ ಗಿಡಗಳ ಚಿತ್ರವಿರುವ ಪುಸ್ತಕ. ಅದರ ಚರ್ಮದ ಹಾಳೆ 1404ರಿಂದ 1438ರ ನಡುವಿನದೆಂದು ಇಂಗಾಲದ ಪರೀಕ್ಷೆ ಹೇಳಿದೆ. ಆಗಾಗ ಯಾರಾದರೂ ಓದಿಬಿಟ್ಟೆ ಎನ್ನುತ್ತಾರೆ. 2019ರಲ್ಲಿ ಬ್ರಿಸ್ಟಲ್ಲಿನ ಸಂಶೋಧಕರೊಬ್ಬರು ಹಾಗೆ ಸಾರಿದಾಗ, ಭಾಷಾತಜ್ಞರ ಆಕ್ಷೇಪ ಕೇಳಿ ವಿಶ್ವವಿದ್ಯಾಲಯವೇ ದೂರ ಸರಿಯಿತು. ಯಂತ್ರಕ್ಕೆ ಕೊಟ್ಟರೂ ಅದು ಒಂದು ಓದನ್ನು ಕೊಡುತ್ತದೆ, ಬಹಳ ಧೈರ್ಯದಿಂದಲೇ ಕೊಡುತ್ತದೆ. ಅದೇ ಕೀಲಿಯನ್ನು ಉಳಿದ ಭಾಗಕ್ಕೆ ಹಾಕಿದಾಗಲೂ ಅರ್ಥ ಬರಬೇಕು. ಝೋಡಿಯಾಕನ 340 ಅಕ್ಷರಗಳ ಲಿಪಿಯಲ್ಲಿ ಬಂತು, ಇಲ್ಲಿ ಇನ್ನೂ ಬಂದಿಲ್ಲ.

ನಮ್ಮ ಮನೆಯಲ್ಲೂ ಹಳೆಯ ಫೋಟೋ ಇದೆ. ಹೇಗೆ ಹಾಕಬೇಕು?

ಹಿಂಬದಿಯನ್ನೂ ತೆಗೆಯಿರಿ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ: ಸ್ಟುಡಿಯೋ ಮುದ್ರೆ, ಪೆನ್ಸಿಲಿನ ಅಂಕಿ, ಕಾಗದದ ಕಂಪನಿ. ಅಂಚು ಕತ್ತರಿಸಬೇಡಿ, ಬಣ್ಣ ತುಂಬುವ ಆ್ಯಪಿಗೆ ಹಾಕಬೇಡಿ, ಅದು ಇಲ್ಲದ ಗುಂಡಿಯನ್ನೂ ಅಂಗಿಗೆ ಹೊಲಿದುಬಿಡುತ್ತದೆ. ಕಿಟಕಿಯ ಬೆಳಕಿನಲ್ಲಿ ನೇರವಾಗಿ ಹಿಡಿದು, ಪಕ್ಕದಲ್ಲೊಂದು ಸ್ಕೇಲ್ ಇಟ್ಟು ತೆಗೆಯಿರಿ. ಎಲ್ಲಿ ಸಿಕ್ಕಿತು, ಜತೆಗೆ ಏನಿತ್ತು ಎಂದು ಬರೆಯಿರಿ. ನಿಮ್ಮ ಊಹೆಯನ್ನು ಮಾತ್ರ ಮೊದಲೇ ಹೇಳಬೇಡಿ, ಓದಿದವರೆಲ್ಲ ಅದರ ಹಿಂದೆಯೇ ಹೋಗುತ್ತಾರೆ. ನಾನು "ಅಜ್ಜ ಉತ್ತರ ಕರ್ನಾಟಕದಲ್ಲಿ ಇದ್ದರು" ಎಂದು ಬರೆದದ್ದೇ ನೂರು ಜನರನ್ನು ಬಿಜಾಪುರಕ್ಕೆ ಕಳಿಸಿತು.

ಹಾಕಿದ ಮೇಲೆ ಫೋನಿಲ್ಲದವರಿಗೂ ತೋರಿಸಿ. ಐನ್‌ಮನೆಯ (ಮನೆತನದ ಮೂಲಮನೆಯ) ಹಿರಿಯರಿಗೆ, ಸಂತೆಯಲ್ಲಿ ಕೂತ ಅಜ್ಜಿಯರಿಗೆ, ತೋಟದಲ್ಲಿ ಲೆಕ್ಕ ಬರೆಯುತ್ತಿದ್ದ ಹಳೆಯ ರೈಟರಿಗೆ, ಪುತ್ತರಿ ಸುಗ್ಗಿಹಬ್ಬಕ್ಕೆ ಒಕ್ಕದವರೆಲ್ಲ (ಮನೆತನದವರೆಲ್ಲ) ಸೇರಿದಾಗ.

ಹೊಸಬರು ಎಲ್ಲಿಂದ ಶುರು ಮಾಡಬಹುದು?

ಕೊಲೆ, ಅಪಹರಣದಿಂದಂತೂ ಬೇಡ. ಗ್ಯಾಲಕ್ಸಿ ಝೂ ಎಂಬ ಯೋಜನೆ 2007ರಲ್ಲಿ ಗೆಲಾಕ್ಸಿಗಳ ಚಿತ್ರ ನೋಡಿ ವಿಂಗಡಿಸಲು ಸಾಮಾನ್ಯ ಜನರನ್ನು ಕರೆಯಿತು. ನೆದರ್ಲೆಂಡ್ಸಿನ ಹಾನಿ ವಾನ್ ಆರ್ಕೆಲ್ ಎಂಬ ಶಾಲಾ ಶಿಕ್ಷಕಿ ಒಂದು ಚಿತ್ರದ ಬದಿಯಲ್ಲಿದ್ದ ವಿಚಿತ್ರ ಮಚ್ಚೆಯನ್ನು ಕಂಡು "ಇದೇನು?" ಎಂದು ಕೇಳಿದರು. ಖಗೋಳಶಾಸ್ತ್ರಕ್ಕೆ ಹೊಸದಾದ ಒಂದು ಅನಿಲರಾಶಿ ಅದು, ಇಂದು ಅವರ ಹೆಸರಿನಲ್ಲೇ ಇದೆ. ನನ್ನ ಮಕ್ಕಳಿಗೆ ನಾನು ಮೊದಲು ಹೇಳುವ ಕಥೆ ಇದು. ಐನ್ಯಾಚುರಲಿಸ್ಟ್‌ ಎಂಬ ತಾಣದಲ್ಲಿ ತೋಟದ ಚಿಟ್ಟೆ, ಅಣಬೆಗಳ ಚಿತ್ರ ಹಾಕಿ ಹೆಸರು ಕೇಳಬಹುದು. ದೊಡ್ಡವರಿಗೆ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ 2017ರಲ್ಲಿ ಆರಂಭಿಸಿದ ಕೆಲಸವಿದೆ: ದೌರ್ಜನ್ಯಕ್ಕೊಳಗಾದ ಮಕ್ಕಳ ಚಿತ್ರಗಳಿಂದ ಬರೀ ವಸ್ತುಗಳನ್ನು, ಒಂದು ಚೀಲ, ಒಂದು ಪರದೆಯ ಬಟ್ಟೆ, ಬೇರ್ಪಡಿಸಿ ತೋರಿಸುತ್ತಾರೆ. ಅದು ಯಾವ ಊರಿನ ಅಂಗಡಿಯದೆಂದು ಬಲ್ಲವರು ತಿಳಿಸಿದರೆ ಮಗುವಿನ ದಾರಿ ಸಿಗುತ್ತದೆ.

ನಿಮ್ಮ ಫೋಟೋದ ಕಥೆ ಮುಗಿಯಿತೇ?

ಜಾಗ ಸಿಕ್ಕಿತು. ಕರಿ ಕೋಟಿನವರು ಅಜ್ಜನ ಅಣ್ಣ ಎಂದು ವಿರಾಜಪೇಟೆಯ ದೊಡ್ಡತ್ತೆ ಕಿವಿಯ ಆಕಾರ ನೋಡಿ ಹೇಳಿದರು, ಇನ್ನೊಂದು ಫೋಟೋ ತಂದು ಹೋಲಿಸಿಯೂ ನೋಡಿದೆವು. ಹುಡುಗಿ ಯಾರೆಂದು ತಿಳಿದಿಲ್ಲ. ಅಜ್ಜನ ಅಣ್ಣನಿಗೆ ಹೆಣ್ಣುಮಕ್ಕಳಿರಲಿಲ್ಲ. ಎಡಗೈಯಲ್ಲಿ ಒಂದೇ ಬಳೆ, ಬಲ ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತು, ಕೈಯಲ್ಲಿ ಮಡಚಿದ ಕೊಡೆ. ಹಿಂಬದಿಯಲ್ಲಿ ನೇರಳೆ ಶಾಯಿಯಲ್ಲಿ 212 ಎಂಬ ಅಂಕಿ. ಅದೇ ಸ್ಟುಡಿಯೋದಲ್ಲಿ ಆ ದಿನ ತೊಳೆದ ಬೇರೆ ಫೋಟೋಗಳಿಗೆ 211, 213 ಎಂದು ಬರೆದಿರಬೇಕು. ನಿಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಮಡಿಕೇರಿಯಲ್ಲಿ ತೆಗೆಸಿದ ಫೋಟೋ ಇದ್ದರೆ, ಮೂಲೆಗಳನ್ನು ಹರಿಯದಂತೆ ಮೆಲ್ಲಗೆ ಬಿಡಿಸಿ, ಹಿಂದೆ ತಿರುಗಿಸಿ ನೋಡಿ.